ಕಾರು ಬಿಚ್ಚಿ ಕಾರು ಕಟ್ಟಿದವರು

ಪೋರ್ಷೆ 911 ಕೊಂಡವರು ಅದಕ್ಕೆ ಒಂದು ಗೀರೂ ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಜಪಾನಿನ ಶುನ್‌ಸಾಕು ತಮಿಯಾ ಅದನ್ನು ಕೊಂಡಿದ್ದು ಬಿಚ್ಚಿ ಹಾಕುವುದಕ್ಕೆ. 1970ರ ದಶಕದ ನಡುವಿನ ಮಾತು. ಶಿಜುವೊಕಾ ನಗರದ ಅವರ ಕುಟುಂಬದ ಕಂಪನಿ, 911ರ ರೇಸಿಂಗ್ ಅವತಾರವಾದ ಪೋರ್ಷೆ 934 ಟರ್ಬೊ ಕಾರಿನ ಪ್ಲಾಸ್ಟಿಕ್ ಮಾದರಿ ತಯಾರಿಸಲು ಹೊರಟಿತ್ತು. ಗಾತ್ರ, ನಿಜವಾದ ಕಾರಿನ ಹನ್ನೆರಡರಲ್ಲಿ ಒಂದು ಪಾಲು. ನಾಲ್ಕೂಕಾಲು ಮೀಟರ್ ಉದ್ದದ ಕಾರು ಒಂದು ಮೊಳವೂ ಇಲ್ಲದ 36 ಸೆಂಟಿಮೀಟರಿಗೆ ಇಳಿಯಬೇಕು. ಇಳಿದರೂ ಅದು ಪೋರ್ಷೆಯೇ ಆಗಿರಬೇಕು.

ಹೊರಮೈಯನ್ನಷ್ಟೇ ತೋರಿಸುವುದಾದರೆ ಫೋಟೊ ಸಾಕಿತ್ತು. ಆದರೆ ಹಿಂಬದಿಯ ಎಂಜಿನ್ನಿನಿಂದ ಪೈಪುಗಳು ಹೊರಟು ಎಲ್ಲಿಗೆ ಸೇರುತ್ತವೆ, ಚಕ್ರವನ್ನು ಹಿಡಿದಿರುವ ತೋಳು ಚಾಸಿಗೆ ಎಲ್ಲಿ ಕೂರುತ್ತದೆ, ಡೋರಿನ ಒಳಮಗ್ಗುಲು ಹೇಗೆ ಬಾಗಿದೆ ಎಂಬುದೆಲ್ಲ ಫೋಟೊದಲ್ಲಿ ಸಿಗುವುದಿಲ್ಲ. ಹಾಗಾಗಿ ಒಂದು ನಿಜವಾದ 911 ಕೊಂಡು, ಬಿಚ್ಚಿ, ಭಾಗಗಳ ಅಳತೆ ತೆಗೆದರು. 1976ರಲ್ಲಿ ಆ ಕಿಟ್ ಮಾರುಕಟ್ಟೆಗೆ ಬಂತು. ಅದೇ ವರ್ಷದ ಕೊನೆಗೆ ಅದೇ ಕಾರು ರೇಡಿಯೊ ಕಂಟ್ರೋಲ್ ರೂಪದಲ್ಲೂ ಬಂದು, ತಮಿಯಾ ಕಂಪನಿಗೆ ಹೊಸದೊಂದು ದಾರಿ ತೆರೆಯಿತು.

ಮಾದರಿ ಕಾರು ಕಟ್ಟುವ ಹವ್ಯಾಸದ ಬಗ್ಗೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಸಂಗ. ಒಂದು ಆಟದ ಸಾಮಾನಿಗಾಗಿ ಇಷ್ಟು ಪಾಡೇ ಎಂದು ಕೇಳಬಹುದು. ಈ ಹವ್ಯಾಸದಲ್ಲಿ ಮುಳುಗಿದವರ ಪಾಲಿಗೆ ಇದು ಆಟವೂ ಹೌದು, ಒಂದು ವಸ್ತುವನ್ನು ಪೂರ್ತಿಯಾಗಿ ನೋಡಿ ಅರಿಯುವ ಅಭ್ಯಾಸವೂ ಹೌದು.

ಮರದಿಂದ ಪ್ಲಾಸ್ಟಿಕ್ಕಿಗೆ

ಶಿಜುವೊಕಾ ಊರಿಗೆ ಮರಗೆಲಸದ ನಂಟು ಹಳೆಯದು. ತೊಕುಗಾವ ಆಳ್ವಿಕೆಯ ಕಾಲದಲ್ಲಿ ಅಲ್ಲಿನ ಸೆಂಗೆನ್ ದೇವಾಲಯದ ಕೆಲಸಕ್ಕೆಂದು ಬಂದ ಬಡಗಿಗಳು, ಕೆತ್ತನೆಗಾರರು, ಅರಗಿನ ಬಣ್ಣದವರು ಅಲ್ಲೇ ನೆಲೆನಿಂತರು ಎನ್ನುತ್ತದೆ ಆ ಊರಿನ ಚರಿತ್ರೆ. ಪೀಠೋಪಕರಣ, ಬೊಂಬೆ, ಅರಗಿನ ಸಾಮಾನುಗಳ ಜೊತೆಗೆ ಇಪ್ಪತ್ತನೇ ಶತಮಾನದಲ್ಲಿ ಮರದ ಮಾದರಿ ವಿಮಾನಗಳೂ ಸೇರಿಕೊಂಡವು. ಇಂದು ಹವ್ಯಾಸಿಗಳ ಬಾಯಲ್ಲಿ ಸದಾ ಇರುವ ಅಓಶಿಮಾ, ಹಾಸೆಗಾವಾ, ಫುಜಿಮಿ, ತಮಿಯಾ ಕಂಪನಿಗಳೆಲ್ಲ ಈ ಊರು ಮತ್ತು ಅದರ ಆಸುಪಾಸಿನವು.

ತಮಿಯಾ ಶುರುವಾಗಿದ್ದು 1946ರಲ್ಲಿ, ಮರದ ಮಿಲ್ಲಾಗಿ. ಶುನ್‌ಸಾಕು ಅವರ ತಂದೆ ಯೊಶಿಯೊ ಅದರ ಸ್ಥಾಪಕರು. ಮರ ಕೊಯ್ಯುವುದರ ಜೊತೆಗೆ ಮರದ ಹಡಗು, ವಿಮಾನಗಳ ಕಿಟ್ ತಯಾರಿಯೂ ನಡೆಯುತ್ತಿತ್ತು. 1951ರಲ್ಲಿ ಬೆಂಕಿ ಬಿದ್ದು ಪೆಟ್ಟು ತಿಂದಿತು. ಎರಡು ವರ್ಷಗಳಲ್ಲಿ ಮರದ ವ್ಯಾಪಾರ ಬಿಟ್ಟು ಮಾದರಿಗಳನ್ನೇ ನಂಬಿಕೊಂಡಿತು. ಅಷ್ಟರಲ್ಲಿ ವಿದೇಶದಿಂದ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದವುಗಳನ್ನು ಅಂಗಡಿಯ ಮೂಲೆಗೆ ತಳ್ಳತೊಡಗಿದವು.

ಶುನ್‌ಸಾಕು ಕಂಪನಿಗೆ ಸೇರಿದ್ದು 1958ರಲ್ಲಿ. 1960ರಲ್ಲಿ ಬಂದ ಮೊದಲ ಪ್ಲಾಸ್ಟಿಕ್ ಮಾದರಿ ಯಾಮಾತೊ ಯುದ್ಧನೌಕೆ. ಮತ್ತೊಂದು ಕಂಪನಿ ಅದೇ ಹಡಗನ್ನು ಕಡಿಮೆ ಬೆಲೆಗೆ ಮಾರಿದ್ದರಿಂದ ಲಾಭ ಕೈಗೆ ಹತ್ತಲಿಲ್ಲ. ಆಗ ಆಸರೆಯಾಗಿದ್ದು ಒಂದು ಪುಟ್ಟ ಕಾರು. ಆಟಿಕೆಯ ಹಳೆಯ ಅಚ್ಚು ಬಳಸಿ ಮಾಡಿದ ರೇಸಿಂಗ್ ಕಾರು ಚೆನ್ನಾಗಿ ಮಾರಾಟವಾಯಿತು. ಮುಂದೆ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕ್ ಬಂದು ಕಂಪನಿಯನ್ನು ನೆಲೆಗೆ ನಿಲ್ಲಿಸಿತು. 1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರು 1:12ರ ಅಳತೆಯಲ್ಲಿ ಬಂತು. ಆಮೇಲಿನದು ಪೋರ್ಷೆಯ ಕಥೆ. ಅದರ ಬೆನ್ನಿಗೇ 1977ರಲ್ಲಿ ಬಂದದ್ದು ಆರು ಚಕ್ರದ ಟಿರೆಲ್ ಪಿ34. 1976ರ ಸ್ವೀಡನ್ ಗ್ರ್ಯಾನ್ ಪ್ರೀ ಗೆದ್ದ ಆ ವಿಚಿತ್ರ ಕಾರು ರೇಸಿನ ಅಂಗಳದಿಂದ ಬೇಗ ಮರೆಯಾದರೂ, ಕಿಟ್‌ನ ದೆಸೆಯಿಂದ ಲೋಕದ ಎಷ್ಟೋ ಮನೆಗಳ ಕಪಾಟಿನಲ್ಲಿ ಉಳಿದುಕೊಂಡಿದೆ.

ಅಳತೆಗಾಗಿ ಅಲೆಯುವುದು ಶುನ್‌ಸಾಕು ಅವರಿಗೆ ಹೊಸದೇನಲ್ಲ. ಟ್ಯಾಂಕುಗಳ ಮಾದರಿಗಾಗಿ ಅಮೆರಿಕದ ಅಬರ್ಡೀನ್‌ನಲ್ಲಿದ್ದ ಸೇನಾ ಸಂಗ್ರಹಾಲಯದವರೆಗೂ ಹೋಗಿ ಬಂದವರು ಅವರು. ಕಂಪನಿಯ ಲಾಂಛನದಲ್ಲಿ ಎರಡು ನಕ್ಷತ್ರಗಳಿವೆ. ಕೆಂಪು ಒಲವಿನ ಗುರುತು, ನೀಲಿ ನಿಖರತೆಯ ಗುರುತು. ಅದನ್ನು ರೂಪಿಸಿದ್ದು ಅವರ ತಮ್ಮ. 1984ರಲ್ಲಿ ಶುನ್‌ಸಾಕು ಕಂಪನಿಯ ಅಧ್ಯಕ್ಷರಾದರು. 1991ರಲ್ಲಿ ಲೋಟಸ್ ತಂಡದ ಫಾರ್ಮುಲಾ ಒನ್ ಕಾರಿನ ಮೇಲೆ ತಮಿಯಾ ಹೆಸರು ಕಾಣಿಸಿಕೊಂಡಿತು. ಆ ಕಾರು ಓಡಿಸುತ್ತಿದ್ದವರಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ಮಿಕಾ ಹಕ್ಕಿನೆನ್ ಒಬ್ಬರು. ಕಾರುಗಳನ್ನು ನೋಡಿ ಮಾದರಿ ಮಾಡುತ್ತಿದ್ದವರ ಹೆಸರು ಕೊನೆಗೆ ಕಾರಿನ ಮೇಲೇ ಬಂದು ಕೂತಿತು. ಶುನ್‌ಸಾಕು ಕಣ್ಮುಚ್ಚಿದ್ದು 2025ರ ಜುಲೈನಲ್ಲಿ, 90ರ ವಯಸ್ಸಿನಲ್ಲಿ.

ಈ ಹವ್ಯಾಸಕ್ಕೆ ಅಮೆರಿಕದ್ದೇ ಬೇರೊಂದು ಪರಂಪರೆಯಿದೆ. ಅಲ್ಲಿನ ಎಎಂಟಿ ಕಂಪನಿ ಮೊದಲು ಕಾರಿನ ಡೀಲರುಗಳಿಗೆ ಪ್ರಚಾರದ ಪುಟ್ಟ ಕಾರುಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ ಒಂದೇ ಪೆಟ್ಟಿಗೆಯಿಂದ ಮೂರು ಬಗೆಯ ಕಾರು ಕಟ್ಟಬಹುದಾದ ಕಿಟ್ ಹೊರತಂದು, ಹುಡುಗರು ತಮ್ಮ ಮನಸ್ಸಿಗೆ ಬಂದಂತೆ ಕಾರು ಮಾರ್ಪಡಿಸುವ ರೂಢಿಗೆ ದಾರಿ ಮಾಡಿತು. ಇಂದಿಗೂ ಅಮೆರಿಕದವರ ಅಳತೆ 1:25, ಜಪಾನಿನವರದು 1:24.

ಕೂದಲೂ ಇಲ್ಲಿ ತಂತಿ

ಈ ಅಳತೆಯ ಲೆಕ್ಕ ತಲೆಗೆ ಹೋದರೆ ಬಣ್ಣದ ಕಷ್ಟ ತಾನಾಗಿ ಅರ್ಥವಾಗುತ್ತದೆ. 1:24ರ ಮಾದರಿಯಲ್ಲಿ ಬಣ್ಣದ ಪದರ 0.1 ಮಿಲಿಮೀಟರ್ ಆಯಿತು ಎಂದಿಟ್ಟುಕೊಳ್ಳಿ. ನಿಜವಾದ ಕಾರಿಗೆ ಅದು 2.4 ಮಿಲಿಮೀಟರ್ ದಪ್ಪ ಬಣ್ಣ ಮೆತ್ತಿದ ಲೆಕ್ಕ. ಕಾರಿನ ಡೋರು ಮತ್ತು ಬಾಡಿಯ ನಡುವೆ ನಾಲ್ಕು ಮಿಲಿಮೀಟರ್ ಸಂದಿಯಿದ್ದರೆ, ಮಾದರಿಯಲ್ಲಿ ಅದು 0.17 ಮಿಲಿಮೀಟರ್. ಬಣ್ಣ ತುಸು ಹೆಚ್ಚಾದರೂ ಸಂದಿ ಮುಚ್ಚಿಹೋಗಿ ಡೋರೇ ಇಲ್ಲದ ಕಾರಾಗುತ್ತದೆ. ಒದ್ದೆ ಬಣ್ಣದ ಮೇಲೆ ತಲೆಕೂದಲೊಂದು ಬಿತ್ತೋ, ಬಾನೆಟ್ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ತಂತಿ ಮಲಗಿದ ಹಾಗೆ. ಮೆಟಾಲಿಕ್ ಬಣ್ಣದಲ್ಲೂ ಇದೇ ತೊಡಕು. ನಿಜವಾದ ಕಾರಿನ ಮೇಲೆ ನವಿರಾಗಿ ಮಿನುಗುವ ಲೋಹದ ಕಣಗಳು ಪುಟ್ಟ ಕಾರಿನ ಮೇಲೆ ಹರಳು ಚೆಲ್ಲಿದಂತೆ ಕಾಣುತ್ತವೆ. ಅದಕ್ಕೇ ಮಾದರಿಗಳಿಗೆಂದು ಕಣ ಸಣ್ಣದಾಗಿರುವ ಬಣ್ಣವನ್ನು ಹುಡುಕುತ್ತಾರೆ.

ಕಿಟ್‌ನ ಪೆಟ್ಟಿಗೆ ತೆರೆದರೆ ಪ್ಲಾಸ್ಟಿಕ್ ಚೌಕಟ್ಟುಗಳು ಸಿಗುತ್ತವೆ. ಬಿಡಿಭಾಗಗಳು ಅದರಲ್ಲಿ ಸಾಲಾಗಿ ಅಂಟಿಕೊಂಡಿರುತ್ತವೆ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿರಬಹುದಾದ್ದರಿಂದ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಬಾಡಿಯ ಮೇಲೆ ಸಣ್ಣ ಗೆರೆಯೊಂದು ಎದ್ದಿರುತ್ತದೆ. ಅದನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯದೆ ಬಣ್ಣ ಹಚ್ಚಿದರೆ ಆ ಗೆರೆ ಕೊನೆಯವರೆಗೂ ಕಣ್ಣಿಗೆ ಚುಚ್ಚುತ್ತದೆ. ಜೋಡಿಸುವುದಕ್ಕೆ ಬಳಸುವ ದ್ರವ ಸಾಮಾನ್ಯ ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕಿನ ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಗಾಜಿನಂಥ ಪಾರದರ್ಶಕ ಭಾಗಗಳ ಹತ್ತಿರ ಸೂಪರ್ ಗ್ಲೂ ತರಬಾರದು, ಅದರ ಆವಿಗೆ ಅವು ಮಂಜು ಹಿಡಿಯುತ್ತವೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟೇ ಅಲ್ಲಿ ಸರಿ.

ಆಮೇಲೆ ಬಣ್ಣ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮುಗಿಸಿದ ಕಾರಿಗೆ ಮಾಡುವ ಕೆಲಸವೇ ಇಲ್ಲೂ ನಡೆಯುತ್ತದೆ. ಕುಳಿಯಿದ್ದಲ್ಲಿ ಪುಟ್ಟಿ, ಅದರ ಮೇಲೆ ಬೂದು ಪ್ರೈಮರ್, ಬಳಿಕ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಪ್ರೈಮರ್ ಹಚ್ಚಿದಾಗಲೇ ಕಣ್ಣು ತಪ್ಪಿಸಿಕೊಂಡ ಗೀರುಗಳೆಲ್ಲ ಎದ್ದು ಕಾಣುವುದು. ಮತ್ತೆ ಉಜ್ಜಬೇಕು, ಮತ್ತೆ ಹಚ್ಚಬೇಕು. ಏರ್‌ಬ್ರಷ್‌ನಿಂದಲೋ ಸ್ಪ್ರೇ ಡಬ್ಬಿಯಿಂದಲೋ ಬಣ್ಣ ಸಿಂಪಡಿಸುವಾಗ ಮೊದಲೆರಡು ಸಲ ಬರೀ ಮಂಜಿನಂತೆ ಹಾಯಿಸಬೇಕು. ಕೆಳಗಿನ ಪ್ಲಾಸ್ಟಿಕ್ ಇನ್ನೂ ಕಾಣುತ್ತಿದ್ದರೂ ತಡೆದುಕೊಳ್ಳಬೇಕು. ಅವಸರಪಟ್ಟು ಹತ್ತಿರ ಹಿಡಿದರೆ ಬಣ್ಣ ಅಂಚಿನಲ್ಲಿ ಇಳಿದು ಹೆಪ್ಪುಗಟ್ಟುತ್ತದೆ. ತೀರಾ ದೂರ ಹಿಡಿದರೆ ಹನಿಗಳು ದಾರಿಯಲ್ಲೇ ಒಣಗಿ ಮೈ ಒರಟಾಗುತ್ತದೆ. ಕ್ಲಿಯರ್ ಕೋಟ್ ಚೆನ್ನಾಗಿ ಗಟ್ಟಿಯಾದ ಮೇಲೆ 2000 ಗ್ರಿಟ್‌ಗಿಂತಲೂ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡುತ್ತಾರೆ. ಆಗ ಬಾನೆಟ್ ಮೇಲೆ ಟ್ಯೂಬ್‌ಲೈಟ್‌ನ ಬಿಂಬ ಅಂಕುಡೊಂಕಿಲ್ಲದೆ ನೇರವಾಗಿ ಬಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಮಳೆಗಾಲದಲ್ಲಿ ಮಂಗಳೂರು, ಮಡಿಕೇರಿ ಕಡೆಯಂಥ ಊರುಗಳಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಇನ್ನೊಂದು ಪರೀಕ್ಷೆಯಿದೆ. ಲ್ಯಾಕರ್ ಬಣ್ಣದ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಕಪ್ಪು ಕಾರು ಹಾಲು ಬಿದ್ದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸುವುದು ಒಂದು ಉಪಾಯ, ಬಿಸಿಲು ಬರುವವರೆಗೆ ಕಾಯುವುದು ಇನ್ನೊಂದು.

ಉಳಿದದ್ದು ಸೂಕ್ಷ್ಮ ಕೆಲಸ. ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ತೆಳ್ಳನೆಯ ಲೋಹದ ಹಾಳೆ ಅಂಟಿಸಿ ಕತ್ತರಿಸುವುದು, ನೀರಿನಲ್ಲಿ ನೆನೆಸಿ ಜಾರಿಸುವ ಸ್ಟಿಕರ್‌ಗಳನ್ನು ಕೂರಿಸುವುದು, ಡ್ಯಾಶ್‌ಬೋರ್ಡಿನ ಮುಳ್ಳುಗಳಿಗೆ ಒಂದೆಳೆ ಕುಂಚದಿಂದ ಬಿಳಿ ತಾಗಿಸುವುದು. ಕಾರು ಮುಗಿದ ಮೇಲೆ ಕಾಣದ ಎಂಜಿನ್ನಿಗೂ ಬಣ್ಣ ಹಚ್ಚುವವರಿದ್ದಾರೆ. ಅದು ಒಳಗಿದೆ ಎಂದು ಕಟ್ಟಿದವರಿಗೆ ಗೊತ್ತಿರುತ್ತದೆ, ಅವರಿಗೆ ಅಷ್ಟು ಸಾಕು.

ನಮ್ಮ ಅಂಗಳದಲ್ಲಿ

ಹವಾಯಿ ಚಪ್ಪಲಿಯ ಅಟ್ಟೆಯಿಂದ ಚಕ್ರ ಕತ್ತರಿಸಿ, ಬೆಂಕಿಪೊಟ್ಟಣಕ್ಕೆ ಕಡ್ಡಿ ಚುಚ್ಚಿ ಲಾರಿ ಮಾಡಿದ ತಲೆಮಾರು ನಮ್ಮದು. ಮಾಡುವ ಆಸೆ ನಮ್ಮಲ್ಲಿ ಎಂದೂ ಕಡಿಮೆಯಿರಲಿಲ್ಲ. ಇಂದು ಕೂಡ ಕರ್ನಾಟಕದ ಊರೂರಿನಲ್ಲಿ ಹುಡುಗರು ಫೋಮ್ ಶೀಟ್ ಕತ್ತರಿಸಿ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ಐರಾವತ, ಸರಕು ಲಾರಿ ಕಟ್ಟುತ್ತಾರೆ. ಕಿಟಕಿಗಳನ್ನು ಎಣಿಸಿ, ಬೋರ್ಡಿನ ಅಕ್ಷರದ ಓರೆಯನ್ನೂ ಗಮನಿಸಿ ಮಾಡಿದ ಆ ಬಸ್ಸುಗಳನ್ನು ನೋಡಿದರೆ, ಪೋರ್ಷೆ ಬಿಚ್ಚಿದವರ ಹಟವೇ ಇಲ್ಲೂ ಇದೆ ಅನ್ನಿಸುತ್ತದೆ. ಅದಕ್ಕೆ ಬಹುಮಾನವಿಲ್ಲ, ಶಾಲೆಯ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಓದು ಬಿಟ್ಟು ಇದೇನು ಎಂಬ ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತದೆ.

ಪ್ಲಾಸ್ಟಿಕ್ ಕಿಟ್ ಕಟ್ಟಬೇಕೆಂದರೆ ದಾರಿ ಇನ್ನೂ ಕಡಿದು. ಕಿಟ್ ಹೊರದೇಶದಿಂದ ಬರಬೇಕು, ಸಾಗಣೆ ಮತ್ತು ಸುಂಕ ಸೇರಿ ಬೆಲೆ ಏರುತ್ತದೆ. ಬಣ್ಣ, ಥಿನ್ನರ್‌ಗಳು ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದಲ್ಲಿ ತರಿಸುವುದೂ ಸುಲಭವಿಲ್ಲ. ಹೀಗಾಗಿ ಕಾರಿನ ಬಣ್ಣದ ಅಂಗಡಿಯಲ್ಲೇ ಹೊಂದುವ ಬಣ್ಣ ಹುಡುಕುವವರಿದ್ದಾರೆ. ಶಿಜುವೊಕಾದಲ್ಲಿ ಪ್ರತಿ ಮೇ ತಿಂಗಳಲ್ಲಿ ನಡೆಯುವ ಹಾಬಿ ಶೋಗೆ ದೂರದೂರದ ಮಾದರಿಗಾರರ ಸಂಘಗಳು ತಮ್ಮ ಕೆಲಸ ಹೊತ್ತು ತರುತ್ತವೆ. ಅಲ್ಲಿ ಅಪರಿಚಿತರು ಒಬ್ಬರ ಮೇಜಿನ ಮುಂದೆ ಇನ್ನೊಬ್ಬರು ಬಗ್ಗಿ ನಿಂತು ನೋಡುವಷ್ಟು ಗೌರವ ಈ ಕೆಲಸಕ್ಕಿದೆ. ನಮ್ಮ ಫೋಮ್ ಶೀಟಿನ ಹುಡುಗರಿಗೂ ಜಿಲ್ಲೆಗೊಂದು ಮೇಜು ಸಿಗಬಾರದೇ?

ಇನ್ನೂ ಒಂದು ಆಸೆಯಿದೆ. ಪ್ಲಾಸ್ಟಿಕ್ ಕಿಟ್‌ನ ಜೀವವಿರುವುದು ಉಕ್ಕಿನ ಅಚ್ಚಿನಲ್ಲಿ. ಒಮ್ಮೆ ಚೆನ್ನಾಗಿ ಕೆತ್ತಿದ ಅಚ್ಚು ದಶಕಗಳ ಕಾಲ ಬಾಳುತ್ತದೆ. 1970ರ ದಶಕದ ಕಿಟ್‌ಗಳು ಮತ್ತೆ ಮತ್ತೆ ಅಂಗಡಿಗೆ ಬರುವುದು ಅದರಿಂದಲೇ. ಅಚ್ಚು ಕೆತ್ತುವ ವಿದ್ಯೆ ನಮ್ಮಲ್ಲಿ ಹೇರಳವಾಗಿದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ ಕಲಿಸಿದ್ದು ಇದನ್ನೇ, ಪೀಣ್ಯದ ಎಷ್ಟೋ ಶೆಡ್ಡುಗಳು ದಿನವೂ ಮಾಡುತ್ತಿರುವುದೂ ಇದನ್ನೇ. ಬಕೆಟ್ಟಿಗೆ, ಸ್ವಿಚ್ಚಿಗೆ, ಬೈಕಿನ ಬಿಡಿಭಾಗಕ್ಕೆ ಅಚ್ಚು ಮಾಡುವ ಕೈ ಒಂದು ಅಂಬಾಸಿಡರ್ ಕಾರಿಗೂ ಮಾಡಬಹುದಲ್ಲ. 1957ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ, ಮಂತ್ರಿಯಿಂದ ಮದುಮಗನವರೆಗೆ ಎಲ್ಲರನ್ನೂ ಹೊತ್ತ ಆ ಕಾರಿಗೆ ಕನ್ನಡದಲ್ಲಿ ಕೈಪಿಡಿ ಇರುವ ಒಂದು ಕಿಟ್ ಬರಲಿ. ಹತ್ತು ವರ್ಷದ ಮಗುವೊಂದು ಅದರ ಗೇರು ಸ್ಟೀರಿಂಗ್ ಪಕ್ಕದಲ್ಲಿ ಏಕಿತ್ತು ಎಂದು ಅಜ್ಜನನ್ನು ಕೇಳುವಂತಾಗಲಿ. ಅದು ಕೈಗೂಡುವ ಹೊತ್ತಿಗೆ ಆ ಕಾರು ಓಡಿಸಿದವರು, ಅದರ ಕೆಳಗೆ ಮಲಗಿ ರಿಪೇರಿ ಮಾಡಿದವರು, ಉತ್ತರ ಹೇಳಲು ನಮ್ಮ ನಡುವೆ ಇರಬೇಕಲ್ಲ ಎಂಬುದೊಂದೇ ಆತಂಕ.