ಅಜೀರ್ಣಕ್ಕೆ ವಿದ್ಯುತ್ಸೂಚಿ

ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗಿ, ಉಂಡುದು ಎದೆಯಡಿ ಕಲ್ಲಿನಂತೆ ಕುಳಿತು ಬಾಧಿಸುವುದುಂಟು. ಪರೀಕ್ಷಿಸಿದರೆ ಹುಣ್ಣೂ ಇಲ್ಲ, ಗಡ್ಡೆಯೂ ಇಲ್ಲ. ಮನೆಯವರು ಭ್ರಮೆಯೆನ್ನುವರು, ನಾವದನ್ನೊಪ್ಪೆವು. (ಮೈ ಇಳಿದರೆ, ಮಲ ಕಪ್ಪಾದರೆ ಬೇರೆ ವ್ಯಾಧಿಯಿರಬಹುದು, ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.) ಜಠರದ ಗೋಡೆಯಲ್ಲಿ ಸ್ಪೇನಿನ ವಿಜ್ಞಾನಿ ಕಾಹಾಲರ ಹೆಸರು ಹೊತ್ತ ಜೀವಕೋಶಗಳುಂಟು. ನಿಮಿಷಕ್ಕೆ ಸುಮಾರು 3 ಸಲ ವಿದ್ಯುತ್ತರಂಗವನ್ನೆಬ್ಬಿಸಿ ಸ್ನಾಯುಗಳಿಗೆ ತಾಳ ಹಾಕುವವು ಇವೇ. ತಾಳ ತಪ್ಪಿದರೆ ಅನ್ನ ಮುಂದೆ ಸರಿಯದು.

ಇದನ್ನು ಸರಿಪಡಿಸಲು ಚೀನದ ವೈದ್ಯರು ಮೊಣಕಾಲ ಚಿಪ್ಪಿನಿಂದ ನಾಲ್ಬೆರಳು ಕೆಳಗೆ, ಹೊರಮಗ್ಗುಲಲ್ಲಿ ಸೂಜಿ ಚುಚ್ಚಿ ಮಂದ ವಿದ್ಯುತ್ತನ್ನು ಹರಿಸುವರು. ಆ ಸುದ್ದಿ ನರದ ಹಾದಿಯಲ್ಲಿ ಮಿದುಳಿಗೇರಿ, ವೇಗಸ್ ನರದ ಮೂಲಕ ಜಠರಕ್ಕಿಳಿಯುವುದು. ಇಲಿಗಳಲ್ಲಿ ಕುಂದಿದ್ದ ಕಾಹಾಲ ಕೋಶಗಳು ಇದರಿಂದ ಮರಳಿ ಹೆಚ್ಚಿದುದು ಕಂಡುಬಂದಿದೆ. ರೋಗಿಗಳಲ್ಲಿಯೂ ಸುಖ ಕಂಡವರುಂಟು. ಕೋಶಗಳ ಈ ಲೆಕ್ಕ ಮಾತ್ರ ಇಲಿಗಳದು.