ಮಕ್ಕಳ ಕೈಗೆ ಫೋನು ಕೊಡುವ ಮುನ್ನ

ಬನಶಂಕರಿ ಜಾತ್ರೆಗೆ ಹೊರಟಾಗ ನೀವು ಮಗುವಿಗೆ ಏನು ಹೇಳುತ್ತೀರಿ, ನೆನಪು ಮಾಡಿಕೊಳ್ಳಿ. "ಕೈ ಬಿಡಬ್ಯಾಡ. ಯಾರರ ಏನರ ಕೊಟ್ರ ತಗೋಬ್ಯಾಡ. ತಪ್ಪಿಸಿಕೊಂಡಿ ಅಂದ್ರ ಅಳಕೋತ ಅಡ್ಡಾಡಬ್ಯಾಡ, ಹೊಂಡದ ಹತ್ರ ನಿಂತಿರು, ನಾ ಬರ್ತೀನಿ." ಬಾದಾಮಿ ಸುತ್ತಿನ ತಾಯಂದಿರಿಗೆ ಈ ಬುದ್ಧಿ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದಕ್ಕಿಂತ ಎಷ್ಟೋ ದೊಡ್ಡ ಜಾತ್ರೆಯೊಂದು ಈಗ ನಮ್ಮ ಪಡಸಾಲೆಯಲ್ಲೇ, ಅಂಗೈಯಗಲದ ಫೋನಿನೊಳಗೆ, ಹಗಲೂ ರಾತ್ರಿ ನೆರೆದಿದೆ. ಅಲ್ಲಿಗೆ ಕಳಿಸುವಾಗ ಮಾತ್ರ "ತಗೋ, ಸುಮ್ನ ಕುಂದ್ರು" ಎಂದು ಕೊಟ್ಟುಬಿಡುತ್ತೇವೆ!

ಹಾಗೆಂದು ತಾಯಂದಿರನ್ನೇ ದೂರುವುದೂ ಸರಿಯಲ್ಲ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪಾಠವೇ ಫೋನಿಗೂ ಟೀವಿಗೂ ಬಂತು. ಚಂದನ ವಾಹಿನಿಯ 'ಸಂವೇದ' ಪಾಠಗಳು ಮಕ್ಕಳಿಗೆ ತಪ್ಪಬಾರದೆಂದು ನೆರೆಯ ಗದಗ ಜಿಲ್ಲೆಯ ತಾಯಿಯೊಬ್ಬರು ತಾಳಿ ಅಡವಿಟ್ಟು ಟೀವಿ ತಂದ ಸುದ್ದಿ ಆ ವರ್ಷ ಪತ್ರಿಕೆಗಳಲ್ಲಿ ಬಂದಿತ್ತು. ಎಷ್ಟೋ ಮನೆಗಳಲ್ಲಿ ಹಾಗೆಯೇ ಕಷ್ಟಪಟ್ಟು ಕಂತಿನ ಮೇಲೆ ತಂದ ಫೋನು, ಶಾಲೆ ತೆರೆದ ಮೇಲೂ ಮಕ್ಕಳ ಕೈಯಲ್ಲೇ ಉಳಿಯಿತು. ಅದಕ್ಕೂ ಮೊದಲಾದರೆ ಬಾಗಲಕೋಟೆಯ ಹುಡುಗರು ಸೈಬರ್ ಸೆಂಟರಿಗೆ ಹೋಗಿ ತಾಸಿಗಿಷ್ಟು ಎಂದು ದುಡ್ಡು ತೆತ್ತು ಕೂಡಬೇಕಿತ್ತು, ವೇಳೆ ಮುಗಿದರೆ ಏಳಬೇಕಿತ್ತು. ಈಗ ಆ ಸೆಂಟರು ಮಗುವಿನ ಕೌದಿಯೊಳಗೇ ಇದೆ. ಏಳು ಎನ್ನುವವರಿಲ್ಲ.

ಇಳಕಲ್ಲಿನ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಲು ಕೂತ ತಾಯಿ, ಹುನಗುಂದದ ಕಡೆ ಹೊಲಕ್ಕೆ ಹೋದ ತಾಯಿ, ಮಗುವಿನ ಬೆನ್ನ ಹಿಂದೆ ನಿಂತು ಕಾಯುವುದು ಆಗುವ ಮಾತೇ? ಅದಕ್ಕೇ ಮನೆಗೊಂದು ಕಟ್ಟಳೆ ಬೇಕು. ಫೋನು ಮಗುವಿನದಲ್ಲ, ಮನೆಯದು ಎಂಬುದು ಮೊದಲೇ ಗೊತ್ತಿರಲಿ. ರಾತ್ರಿ ಊಟವಾದ ಮೇಲೆ ಎಲ್ಲ ಫೋನುಗಳೂ ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಚಾರ್ಜಿಗೆ ಕೂಡಲಿ. ಎಲ್ಲ ಅಂದರೆ ಯಜಮಾನರದೂ, ನಿಮ್ಮದೂ ಸೇರಿ. ನೀವು ಹಾಸಿಗೆಯಲ್ಲಿ ಧಾರಾವಾಹಿ ನೋಡುತ್ತ ಮಗುವಿಗೆ ಮಲಗು ಎಂದರೆ ಅದು ಕೇಳೀತೇ? ಓದುವ ಮಗನಿಗೆ ಕಂಪ್ಯೂಟರು ತಂದಿದ್ದರೆ ಅದರ ಜಾಗ ಪಡಸಾಲೆ, ಪರದೆ ನಿಮಗೆ ಕಾಣುವ ಕಡೆಗೆ. ಇನ್ನು ಕೂಸಿಗೆ ಉಣಿಸಲು ಫೋನು ಹಿಡಿಯುವ ಚಾಳಿ! ಎರಡು ವರ್ಷ ತುಂಬುವ ತನಕ ಪರದೆಯೇ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

"ನಮಗ ಅದರಾಗಿಂದು ಏನೂ ತಿಳಿಯೂದಿಲ್ಲರೀ" ಎನ್ನುವವರಿಗೆ ಒಂದು ಮಾತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. ಬಹಳಷ್ಟು ಫೋನುಗಳಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂಬ ವಿಭಾಗವಿದ್ದು, ಯಾವುದನ್ನು ಎಷ್ಟು ಹೊತ್ತು ನೋಡಿದ್ದೆಂದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಲೆಕ್ಕ ತೋರಿಸುತ್ತದೆ. ಗೂಗಲಿನ 'ಫ್ಯಾಮಿಲಿ ಲಿಂಕ್' ಹಾಕಿಕೊಂಡರೆ ಮಗುವಿನ ಫೋನಿಗೆ ನಿಮ್ಮ ಫೋನಿನಿಂದಲೇ ವೇಳೆ ಗೊತ್ತುಮಾಡಬಹುದು, ಹಣ ಖರ್ಚಿಲ್ಲ. ಇದನ್ನೆಲ್ಲ ಕದ್ದು ಮಾಡಬೇಡಿ. ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡೇ ಮಾಡಿ.

ಹಣದ ವಿಷಯಕ್ಕೆ ಬರೋಣ. ಫೋನ್‌ಪೇ, ಗೂಗಲ್‌ಪೇ ಇರುವ ಫೋನಿನ ಪಿನ್ನನ್ನು ಮಗುವಿಗೆ ಹೇಳುವುದೆಂದರೆ ತಿಜೋರಿಯ ಕೀಲಿಕೈ ಕೊಟ್ಟ ಹಾಗೆ. ಯಾರೋ ಹಣ ಕಳಿಸುತ್ತಾರೆಂದು ಪಿನ್ನು ಒತ್ತಬೇಕಾಗಿಲ್ಲ, ಪಿನ್ನು ಒತ್ತುವುದು ನಮ್ಮ ಹಣ ಹೋಗುವಾಗ ಮಾತ್ರ. ಇದನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಹಣ ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನ ಕಾಯ್ದೆಯಿಂದ ನಿಷೇಧಿಸಿದೆ ನಿಜ. ಆದರೆ ಬಂದೂಕು, ಬಟ್ಟೆ ಎಂದು ಆಟದೊಳಗೇ ಸಾಮಾನು ಮಾರುವ ಅಂಗಡಿ ಮುಚ್ಚಿಲ್ಲ. ನಿಷೇಧವೊಂದನ್ನೇ ನಂಬಿ ಕೂಡುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿಗೆ ನಿಷೇಧ ಬಿತ್ತು, ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಬಂದು ಕೂತಿತು!

ಬಾದಾಮಿಯ ಮಂಗ ಕೈಯ ಚೀಲ ಕಸಿದರೆ ಕಣ್ಣಿಗೆ ಕಾಣುತ್ತದೆ. ಫೋನಿನೊಳಗಿನಿಂದ ಕಸಿಯುವವನು ಕಾಣುವುದಿಲ್ಲ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಶಾಲೆಯ ಸಮವಸ್ತ್ರದಲ್ಲಿ ನಿಂತು ತೆಗೆಸಿಕೊಂಡ ಒಂದು ಪಟ ಸಾಕು, ಊರು ಯಾವುದು, ಶಾಲೆ ಯಾವುದು ಎಂದು ಹೊರಗಿನವನು ತಿಳಿದುಕೊಳ್ಳಲು. ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ 13 ವರ್ಷವಾಗಿರಬೇಕೆಂಬುದು ಕಂಪನಿಯದೇ ನಿಯಮ. ನಮ್ಮ ಮಕ್ಕಳು ಹುಟ್ಟಿದ ವರ್ಷ ಸುಳ್ಳು ಬರೆದು ಒಳಗೆ ಹೋಗುತ್ತಾರೆ, ಕೆಲವೊಮ್ಮೆ ಬರೆದುಕೊಡುವವರು ನಾವೇ.

ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತೊಂದಿದೆ. ಹೆಣ್ಣುಮಗಳ ಹೆಸರಿಟ್ಟುಕೊಂಡು ಯಾರೋ ಸ್ನೇಹ ಬೆಳೆಸುತ್ತಾರೆ. ಹೊಗಳಿಕೆ, ಗುಟ್ಟಿನ ಮಾತು, "ನಿಮ್ಮವ್ವಗ ಹೇಳಬ್ಯಾಡ" ಎಂಬ ಆಣೆ. ಆಮೇಲೆ ಒಂದು ಪಟ ಕೇಳುತ್ತಾರೆ. ಪಟ ಸಿಕ್ಕಿತೋ, ದನಿ ಬದಲಾಗುತ್ತದೆ: ದುಡ್ಡು ಕೊಡು, ಇನ್ನೊಂದು ಪಟ ಕೊಡು, ಇಲ್ಲವಾದರೆ ಎಲ್ಲರಿಗೂ ಕಳಿಸುತ್ತೇನೆ. ಇದು ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ನಡೆಯುತ್ತದೆ. ಆ ಮಗು ನಿಮ್ಮ ಹತ್ತಿರ ಏಕೆ ಬರುವುದಿಲ್ಲ ಗೊತ್ತೇ? ಬಂದರೆ ಬೈಗಳ, ಏಟು, ಫೋನು ಕಸಿಯುವುದು, ಕಡೆಗೆ ಸಾಲಿ ಬಿಡಿಸುವುದು. ಇದು ಬೆದರಿಸುವವನಿಗೂ ಗೊತ್ತು. ನಿಮ್ಮ ಸಿಟ್ಟೇ ಅವನ ಬಂಡವಾಳ. ಜಾತ್ರೆಯಲ್ಲಿ ಹೊಂಡದ ಗುರುತು ಹೇಳಿದಂತೆ ಇಲ್ಲಿಯೂ ನಿಲ್ಲುವ ಜಾಗ ಮೊದಲೇ ಹೇಳಿರಬೇಕು. "ಏನ ಆದ್ರೂ ನನ್ ಮುಂದ ಹೇಳವ್ವಾ. ಬೈಯೂದಿಲ್ಲ, ಸಾಲಿ ಬಿಡಸೂದಿಲ್ಲ." ಏನೂ ಆಗದ ದಿನವೇ, ರೊಟ್ಟಿ ಬಡಿಯುತ್ತಲೋ ಜಡೆ ಹಾಕುತ್ತಲೋ ಹೇಳಿ. ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ.

ಮಗು ಬಂದು ಹೇಳಿತೆಂದರೆ ಗಾಬರಿಯಿಂದ ಏನನ್ನೂ ಅಳಿಸಬೇಡಿ, ಬಂದ ಸಂದೇಶ, ಹೆಸರು, ನಂಬರುಗಳೇ ಸಾಕ್ಷಿ. ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ದೂರು ಕೊಡಲು ಬಾಗಲಕೋಟೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿ.ಇ.ಎನ್. ಪೊಲೀಸ್ ಠಾಣೆ ಇದೆ. 18 ವರ್ಷದೊಳಗಿನ ಮಗುವಿನ ಹೆಸರು, ಗುರುತು ಪತ್ರಿಕೆಯಲ್ಲಿ ಬರದಂತೆ 2012ರ ಪೋಕ್ಸೋ ಕಾಯ್ದೆ ಕಾಪಾಡುತ್ತದೆ, ಆದ್ದರಿಂದ ಮರ್ಯಾದೆಗೆ ಅಂಜಿ ಕೂಡಬೇಡಿ. ಫೋನಿನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಆಸೆ ಹೆಚ್ಚು. ಮಕ್ಕಳ ಸಹಾಯವಾಣಿ 1098, ಇದಕ್ಕೆ ಮಗುವೇ ಮಾತಾಡಬಹುದು. ಎರಡು ನಂಬರುಗಳನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸಿನವರ ನಂಬರಿನ ಪಕ್ಕದಲ್ಲೇ, ಮಗುವಿನ ಕೈಯಿಂದಲೇ ಬರೆಸಿಡಿ.