ಸೋಲಾರ್ ಕೆಟ್ಟಿಲ್ಲ, ನೀರಿನ ದಾರಿ ಕಟ್ಟಿದೆ

ಸಿರಿಗೆರೆ ಸುತ್ತಿನ ಮನೆಗಳಲ್ಲಿ ಬಚ್ಚಲ ಹಂಡೆ ಹೋಗಿ ತಾಮ್ರದ ಬಾಯ್ಲರ್ ಬಂತು, ಆಮೇಲೆ ಗೀಸರ್ ಬಂತು, ಈಗ ತಾರಸಿಗೆ ಸೋಲಾರ್ ಏರಿದೆ. ಬಹಳ ಮನೆಗಳಲ್ಲಿ ನೀರು ಮಾತ್ರ ಬೋರಿನದೇ. ಬಿಸಿನೀರು ಸಣ್ಣಗಾದರೆ ಮೊದಲು ಕೇಳುವ ಮಾತು: ‘ಸೋಲಾರ್ ಕೆಟ್ಟೋಯ್ತು.’

ಮನೆಗೆ ಹಾಕುವ ಸಾಮಾನ್ಯ ಸೋಲಾರಿನಲ್ಲಿ ಕೆಡುವಂಥ ಯಂತ್ರವೇ ಇಲ್ಲ. ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಅಷ್ಟೇ. ಬಚ್ಚಲಿನ ಎರಡೂ ನಲ್ಲಿ ತಿರುಗಿಸಿ ನೋಡಿ. ತಣ್ಣೀರೂ ಸಣ್ಣಗಿದ್ದರೆ ತಪ್ಪು ಮೇಲಿನ ತೊಟ್ಟಿಯದೋ ಪೈಪಿನದೋ. ತಣ್ಣೀರು ಧಾರಾಕಾರವಾಗಿ ಬಂದು ಬಿಸಿನೀರು ಮಾತ್ರ ಸೊರಗಿದ್ದರೆ, ಕಾಯುವ ದಾರಿಯಲ್ಲೇ ಏನೋ ಕಟ್ಟಿಕೊಂಡಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ.

ಕಟ್ಟಿಕೊಂಡದ್ದು ಏನು? ‘ಬೋರಿನ ಉಪ್ಪು’ ಅನ್ನುತ್ತಾರೆ. ಅಡುಗೆ ಉಪ್ಪು ಪೈಪಿನೊಳಗೆ ಹೀಗೆ ಕಟ್ಟುವುದಿಲ್ಲ. ಕಟ್ಟುವುದು ಸುಣ್ಣ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದೊಡನೆ ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗೋಡೆಗೆ ಅಂಟುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಇದರದು ಉಲ್ಟಾ ಸ್ವಭಾವ. ಅದಕ್ಕೇ ಗೀಸರನ್ನು 75 ಡಿಗ್ರಿಗೆ ಇಟ್ಟವರ ಮನೆಯಲ್ಲಿ 55ಕ್ಕೆ ಇಟ್ಟವರಿಗಿಂತ ಬೇಗ ಕಟ್ಟುತ್ತದೆ. ಅನುಮಾನವಿದ್ದರೆ ಉದುರಿದ ಬಿಳಿ ಚಕ್ಕೆಯ ಮೇಲೆ ನಿಂಬೆರಸ ಹಿಂಡಿ, ಗುಳ್ಳೆ ಏಳುತ್ತದೆ.

ನಾಲಿಗೆಗೆ ಸಿಹಿ ಅನ್ನಿಸುವ ನೀರೂ ಗಡಸಾಗಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರಿಲ್ಲದ ಕಡೆ 600ರ ತನಕ ಒಪ್ಪುತ್ತದೆ. ಹೊಟ್ಟೆ ಒಪ್ಪಿದ್ದನ್ನು ಗೀಸರಿನ ಕಾಯಿಲ್ ಒಪ್ಪಬೇಕೆಂದಿಲ್ಲ. (ಕುದಿಸಿದರೆ ಫ್ಲೋರೈಡೂ ಹೋಗುತ್ತದೆಂದು ನಮ್ಮ ಜಿಲ್ಲೆಯಲ್ಲಿ ನಂಬುವವರಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.)

ಇದನ್ನೆಲ್ಲ ತಿಳಿದವರು ‘ನಾವು ಹೀಟ್ ಎಕ್ಸ್‌ಚೇಂಜರ್ ಇರೋದನ್ನೇ ಹಾಕಿಸಿದ್ದೀವಿ, ಇನ್ನು ನೋಡೋದೇ ಬೇಡ’ ಅನ್ನುತ್ತಾರೆ. ಗಡಸು ನೀರಿನ ಊರಿಗೆ ಅದು ಒಳ್ಳೆಯ ಆಯ್ಕೆಯೇ. ಪ್ಯಾನೆಲಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಬೋರಿನ ನೀರು ಓಡುವುದಿಲ್ಲ. ಒಮ್ಮೆ ತುಂಬಿಸಿದ ಶುದ್ಧ ನೀರೇ ಸುತ್ತುತ್ತಾ ಟ್ಯಾಂಕಿನ ನೀರಿಗೆ ಶಾಖ ದಾಟಿಸುತ್ತದೆ. ಆದರೆ ಆ ಒಳನೀರು ಮೆಲ್ಲಗೆ ಆವಿಯಾಗುತ್ತದೆ. ಮಟ್ಟ ಇಳಿದರೆ ಸುತ್ತಾಟ ನಿಲ್ಲುತ್ತದೆ, ಸುಡುಬಿಸಿಲಲ್ಲೂ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಅಲ್ಲಿಗೆ ಬೋರಿನ ನೀರನ್ನೇ ಸುರಿದರೆ ಖರ್ಚು ಮಾಡಿದ್ದಕ್ಕೆ ಅರ್ಥವಿಲ್ಲ. ಸೋಸಿದ ಮಳೆನೀರೋ ಡಿಸ್ಟಿಲ್ಡ್ ವಾಟರೋ ಬೇಕು. ಟ್ಯಾಂಕಿನ ಕಡೆಯ ಮೈಗೆ ಸುಣ್ಣ ಹತ್ತುವುದೂ ತಪ್ಪಿದ್ದಲ್ಲ. ತಾಮ್ರ ಆ ಪದರಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ದಾಟಿಸುವುದರಿಂದ, ತೆಳು ಪದರವೂ ಅಡ್ಡಗಾಲೇ.

ಇನ್ನು ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯುವ ಉಪಾಯ. ಸುಣ್ಣ ಬಿಡುತ್ತದೆ ನಿಜ, ಜೊತೆಗೆ ಲೋಹವನ್ನೂ ತಿನ್ನುತ್ತದೆ. ನಿಂಬೆಹುಳಿ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ನಿಧಾನ, ಆದರೆ ಸೌಮ್ಯ. ಗೀಸರಾದರೆ ಮೊದಲು ಕರೆಂಟ್ ತೆಗೆಸಿ, ಕೆಲಸ ಗೊತ್ತಿರುವವರಿಂದಲೇ ಮಾಡಿಸಿ.

ಸೋಲಾರ್ ಟ್ಯಾಂಕಿನ ಮೇಲಿನ ಗಾಳಿ ಪೈಪಿನಿಂದ ನೀರು ಹನಿಯುತ್ತದೆಂದು ಅದಕ್ಕೆ ಬಿರಡೆ ಜಡಿಯುವವರಿದ್ದಾರೆ. ಇದು ನಿಜಕ್ಕೂ ಅಪಾಯ. ಕಾದ ನೀರು ಹಿಗ್ಗುತ್ತದೆ, ಆವಿ ಏಳುತ್ತದೆ; ಹೊರದಾರಿಯಿಲ್ಲದೆ ಟ್ಯಾಂಕ್ ಉಬ್ಬಬಹುದು, ನೀರು ಖಾಲಿಯಾಗುವಾಗ ಒಳಗೆ ನಿರ್ವಾತವಾಗಿ ಸೊಟ್ಟಗಾಗಬಹುದು. ಪೈಪಿನ ತುದಿ ತಣ್ಣೀರಿನ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿದೆಯೇ ನೋಡಿ, ಅಲ್ಲಿಯೇ ತಪ್ಪಿರುವುದು ಹೆಚ್ಚು.

ಗ್ಯಾಸ್ ಗೀಸರ್ ಹೊತ್ತದಿದ್ದರೆ ‘ಸಿಲಿಂಡರ್ ಖಾಲಿ’ ಎಂದು ಎತ್ತಿ ಅಲ್ಲಾಡಿಸುವುದು ವಾಡಿಕೆ. ಅದರಲ್ಲಿ ಗ್ಯಾಸಿನ ಬಾಗಿಲು ತೆರೆಯುವುದೇ ನೀರಿನ ಒತ್ತಡ. ತೊಟ್ಟಿ ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 0.1 ಬಾರ್ ಮಾತ್ರ. ಜಾಲರಿಯಲ್ಲಿ ಕಸ ಸೇರಿದರೆ ಅದೂ ಇಲ್ಲ. ಹೊತ್ತಿದ ಉರಿ ನೀಲಿಯ ಬದಲು ಹಳದಿಯಾಗಿದ್ದರೆ ಕಾಯುವ ರೆಕ್ಕೆಗಳಿಗೆ ಮಸಿ ಹಿಡಿದಿದೆ ಎಂಬ ಸಂಶಯ ಬರಬೇಕು. ಆಗ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ತಲೆ ತಿರುಗಿದರೆ ಅದು ಬಿಸಿನೀರಿನ ಹಬೆಯಿಂದಲ್ಲ.